ನೇಜಿ ಅವರದ್ದು, ಕೊಯ್ಲು ಯಾರದ್ದು?

2022ರ ಡಿಸೆಂಬರ್ 18ರ ರಾತ್ರಿ ಕತಾರಿನ ಲುಸೈಲ್ ಸ್ಟೇಡಿಯಮ್ಮಿನಲ್ಲಿ ಅರ್ಜೆಂಟೀನಾ ಹೊಡೆದ ಎರಡನೇ ಗೋಲು ಫುಟ್ಬಾಲ್ ನೋಡುವವರಿಗೆಲ್ಲ ನೆನಪಿದ್ದೇ ಇದೆ. ತಮ್ಮ ಅಂಗಣದಿಂದ ನಾಲ್ಕೈದು ಪಾಸಲ್ಲಿ ಚೆಂಡು ಮುಂದೆ ಹೋಯಿತು. ಗೋಲು ಹಾಕಿದ್ದು ಡಿ ಮರಿಯಾ. ಆದರೆ ಎದುರಿಗೆ ಫ್ರಾನ್ಸಿನ ಗೋಲಿ ಒಬ್ಬನೇ ಉಳಿದಿದ್ದಾಗ ತಾನೇ ಹೊಡೆಯುವ ಆಸೆ ಬಿಟ್ಟು, ಎಡಕ್ಕೆ ಓಡಿ ಬರುತ್ತಿದ್ದವನ ಕಾಲಿಗೆ ಚೆಂಡು ಕೊಟ್ಟವನು 20ನೇ ನಂಬರಿನ ಅಲೆಕ್ಸಿಸ್ ಮ್ಯಾಕ್ ಅಲಿಸ್ಟರ್. ಅವತ್ತು ಉಳ್ಳಾಲದಿಂದ ಉಪ್ಪಳದವರೆಗೆ ನಮ್ಮ ಕರಾವಳಿಯಲ್ಲಿ ನೀಲಿ-ಬಿಳಿ ಬಾವುಟ ಹಾರಾಡಿತು. ದೋಹಾದಲ್ಲಿ ದುಡಿಯುವ ನಮ್ಮವರಿಗಂತೂ ಅದು ಮನೆಬಾಗಿಲಿನ ಹಬ್ಬ. ಎಲ್ಲರ ಬಾಯಲ್ಲೂ ಮೆಸ್ಸಿ, ಮೆಸ್ಸಿ. ಅದರಲ್ಲಿ ತಪ್ಪೇನಿಲ್ಲ. ಆದರೆ ಆ ಪಾಸು ಕೊಟ್ಟ ಹುಡುಗ ಯಾವ ಗದ್ದೆಯಲ್ಲಿ ಬೆಳೆದ ಪೈರು ಎಂದು ಕೇಳಿದವರು ಕಡಿಮೆ.

ಅವನು ಬೆಳೆದದ್ದು ಬ್ಯೂನಸ್ ಐರಿಸ್ ಪಟ್ಟಣದ ಲಾ ಪತೆರ್ನಾಲ್ ಎಂಬ ಕೇರಿಯ ಕ್ಲಬ್ಬಿನಲ್ಲಿ. ಹೆಸರು ಅರ್ಜೆಂಟಿನೋಸ್ ಜೂನಿಯರ್ಸ್. ಬೋಕಾ, ರಿವರ್ ಪ್ಲೇಟ್ ಹೆಸರು ಕೇಳಿದ ನಮ್ಮ ಹುಡುಗರಲ್ಲಿ ಹೆಚ್ಚಿನವರು ಈ ಹೆಸರು ಕೇಳಿರಲಿಕ್ಕಿಲ್ಲ. ಸುಮಾರು 25 ಸಾವಿರ ಜನ ಹಿಡಿಯುವ, ಸುತ್ತ ಮನೆಗಳೇ ಒತ್ತಿಕೊಂಡಿರುವ ಸಣ್ಣ ಸ್ಟೇಡಿಯಂ ಅವರದ್ದು. ಅಲ್ಲಿನ ಜನ ಈ ಕ್ಲಬ್ಬನ್ನು ಕರೆಯುವುದು 'ಸೆಮಿಯೆರೊ ದೆಲ್ ಮುಂದೊ' ಎಂದು. ಸೆಮಿಯೆರೊ ಅಂದರೆ ಬೀಜ ಚೆಲ್ಲಿ ಸಸಿ ಎಬ್ಬಿಸುವ ಮಡಿ. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೋಕದ ನೇಜಿ ಗದ್ದೆ. ಇದಕ್ಕಿಂತ ಸರಿಯಾದ ಹೆಸರು ಇನ್ನೊಂದಿಲ್ಲ. ನೇಜಿ ಹಾಕಿದ ಗದ್ದೆಯಲ್ಲಿ ಎಲ್ಲ ಪೈರೂ ಉಳಿಯುವುದಿಲ್ಲ, ಕಿತ್ತು ಬೇರೆ ಗದ್ದೆಗೆ ನೆಡುತ್ತಾರೆ. ಇವರ ಕಥೆಯೂ ಹಾಗೇ. ವ್ಯತ್ಯಾಸ ಒಂದೇ, ಆ ಬೇರೆ ಗದ್ದೆಗಳೆಲ್ಲ ಇನ್ನೊಬ್ಬರದ್ದು.

ಹುಟ್ಟಿನ ಕಥೆ ಚಿಕ್ಕದಾದರೂ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. 1904ರಲ್ಲಿ ಕ್ಲಬ್ ಕಟ್ಟಿದವರು ಸಮಾಜವಾದಿ, ಅರಾಜಕತಾವಾದಿ ವಿಚಾರದ ಯುವಕರು. ಎಂಟು ಗಂಟೆ ಕೆಲಸದ ಹಕ್ಕಿಗಾಗಿ ನಡೆದ ಹೋರಾಟದ ಹಿನ್ನೆಲೆಯಲ್ಲಿ 1887ರಲ್ಲಿ ಚಿಕಾಗೋದಲ್ಲಿ ಗಲ್ಲಿಗೇರಿದ ಕಾರ್ಮಿಕ ನಾಯಕರ ನೆನಪಿಗೆ ತಮ್ಮ ತಂಡಕ್ಕೆ 'ಚಿಕಾಗೋದ ಹುತಾತ್ಮರು' ಎಂದು ಹೆಸರಿಟ್ಟಿದ್ದರು. ನಾವು ಮೇ 1ರಂದು ರಜೆ ಅನುಭವಿಸುತ್ತೇವಲ್ಲ, ಅದೇ ಹೋರಾಟ. ಆಮೇಲೆ ಇನ್ನೊಂದು ತಂಡದೊಂದಿಗೆ ಸೇರಿ ಈಗಿನ ಹೆಸರಾಯಿತು. ಅಂಗಿಯ ಕೆಂಪು ಮಾತ್ರ ಉಳಿಯಿತು. ದುಡಿಯುವವನಿಗೆ ಅವನ ದುಡಿಮೆಯ ಪಾಲು ಸಿಗಬೇಕು ಎಂಬಲ್ಲಿಂದ ಶುರುವಾದ ಕ್ಲಬ್ಬಿಗೆ, ತಾನು ಬೆಳೆಸಿದ ಬೆಳೆಯ ಪಾಲು ಎಷ್ಟು ಸಿಕ್ಕಿತು? ನಮ್ಮ ಪ್ರಶ್ನೆ ಇದೇ. ಅದಕ್ಕಿಂತ ದೊಡ್ಡ ಪ್ರಶ್ನೆ ಇನ್ನೊಂದುಂಟು, ಅದಕ್ಕೆ ಆಮೇಲೆ ಬರೋಣ.

ಮರಡೋನಾನ ಕಥೆ ನಮ್ಮಲ್ಲಿ ಎಲ್ಲರಿಗೂ ಗೊತ್ತು. 2011ರಲ್ಲಿ ದುಬೈಯ ಅಲ್ ವಸ್ಲ್ ಕ್ಲಬ್ಬಿಗೆ ಅವರು ಕೋಚ್ ಆಗಿ ಬಂದ ಕಾಲದಲ್ಲಿ ಅಲ್ಲಿದ್ದ ನಮ್ಮೂರಿನವರಿಗೆ ಪಂದ್ಯ ನೋಡುವುದಕ್ಕಿಂತ ಅವರನ್ನು ನೋಡುವುದೇ ಮುಖ್ಯವಾಗಿತ್ತು. 2012ರಲ್ಲಿ ಪಕ್ಕದ ಕಣ್ಣೂರಿಗೂ ಬಂದು ಹೋದರು. ಆದರೆ ಮರಡೋನಾನ ಕಥೆಯ ಆರಂಭದಲ್ಲಿರುವ ಇನ್ನೊಬ್ಬ ಹುಡುಗನ ಹೆಸರು ನಮ್ಮಲ್ಲಿ ಯಾರೂ ಹೇಳುವುದಿಲ್ಲ. ಅವನ ಹೆಸರು ಗೊಯೊ ಕರಿಸೊ.

ಬ್ಯೂನಸ್ ಐರಿಸಿನ ಹೊರವಲಯದಲ್ಲಿ ವಿಲ್ಲಾ ಫಿಯೊರಿತೊ ಎಂಬ ಬಡವರ ಬಸ್ತಿ. ಧೂಳಿನ ರಸ್ತೆ, ತಗಡಿನ ಮನೆಗಳು. ಅಲ್ಲಿನ ಗೊಯೊ ಅರ್ಜೆಂಟಿನೋಸ್ ಜೂನಿಯರ್ಸಿನ ಮಕ್ಕಳ ತಂಡಕ್ಕೆ ಆಯ್ಕೆಯಾಗಿದ್ದ. ಆ ಮಕ್ಕಳ ತಂಡದ ಹೆಸರು 'ಸೆಬೊಲಿತಾಸ್', ಅಂದರೆ ಸಣ್ಣ ಈರುಳ್ಳಿಗಳು. ಕೋಚ್ ಫ್ರಾನ್ಸಿಸ್ಕೊ ಕೊರ್ನೆಹೊ. ಒಂದು ದಿನ ಗೊಯೊ ಕೋಚಿನ ಹತ್ತಿರ ಹೋಗಿ, ನನ್ನ ಗೆಳೆಯನೊಬ್ಬ ಇದ್ದಾನೆ, ನನಗಿಂತ ಚೆನ್ನಾಗಿ ಆಡುತ್ತಾನೆ, ಕರೆದುಕೊಂಡು ಬರಲಾ ಎಂದು ಕೇಳಿದ. ಎಂಟು ವರ್ಷದ ಹುಡುಗನ ಮಾತು ಅದು. ತನಗಿಂತ ಚೆನ್ನಾಗಿ ಆಡುವವನನ್ನು ತಾನೇ ಕರೆದು ತರುವ ಮನಸ್ಸು ದೊಡ್ಡವರಲ್ಲಿ ಎಷ್ಟು ಜನರಿಗೆ ಉಂಟು ಮಾರಾಯ್ರೆ? ಹಾಗೆ ಬಂದವನು ಡಿಯೇಗೊ. ಅವನ ಆಟ ನೋಡಿ ಕೊರ್ನೆಹೊಗೆ ಇವನಿಗೆ ಎಂಟು ವರ್ಷವೇ ಎಂದು ನಂಬಿಕೆ ಬರಲಿಲ್ಲ. ಗುರುತಿನ ಕಾಗದ ತೋರಿಸು ಎಂದರು. ಆ ಮಕ್ಕಳ ತಂಡ ನೂರಕ್ಕೂ ಹೆಚ್ಚು ಪಂದ್ಯ ಸೋಲದೆ ಆಡಿತು. ದೊಡ್ಡವರ ಪಂದ್ಯದ ಮಧ್ಯಂತರದಲ್ಲಿ ಡಿಯೇಗೊ ಚೆಂಡನ್ನು ನೆಲಕ್ಕೆ ಬೀಳದಂತೆ ಕಾಲಲ್ಲಿ, ತಲೆಯಲ್ಲಿ ಕುಣಿಸಿ ಜನರನ್ನು ನಗಿಸುತ್ತಿದ್ದ.

1976ರ ಅಕ್ಟೋಬರ್ 20ರಂದು, ಹದಿನಾರು ತುಂಬಲು ಹತ್ತು ದಿನ ಇರುವಾಗ, ತಾಯೆರೆಸ್ ತಂಡದೆದುರು ಅವನು ಮೊದಲ ಬಾರಿ ದೊಡ್ಡವರ ತಂಡದಲ್ಲಿ ಇಳಿದ. ಬೆನ್ನ ಮೇಲೆ 16ನೇ ನಂಬರ್. ಇಳಿದವನೇ ಎದುರಾಳಿಯ ಎರಡು ಕಾಲುಗಳ ನಡುವೆ ಚೆಂಡು ತೂರಿಸಿದ. ಪಂದ್ಯ ಸೋತರೂ ಜನ ಅದನ್ನೇ ಮಾತಾಡಿದರು. ಮುಂದೆ ಈ ಸಣ್ಣ ಕ್ಲಬ್ಬಿಗೆ 166 ಪಂದ್ಯ ಆಡಿ 116 ಗೋಲು ಹೊಡೆದ. ದೇಶದ ಟೂರ್ನಿಗಳಲ್ಲಿ ಐದು ಸಲ ಅತಿ ಹೆಚ್ಚು ಗೋಲು ಅವನದ್ದೇ. ಕ್ಲಬ್ ಅವನ ಕುಟುಂಬಕ್ಕೆ ಲಾ ಪತೆರ್ನಾಲಿನಲ್ಲೇ ಒಂದು ಮನೆ ಮಾಡಿಕೊಟ್ಟಿತು. ಫಿಯೊರಿತೊದ ತಗಡಿನ ಮನೆಯಿಂದ ಬಂದ ಉಮ್ಮನಿಗೆ, ಬಾಪನಿಗೆ ಅದು ಎಂತಹ ದಿನ ಆಗಿರಬೇಕು. ಆ ಮನೆ ಈಗ ಮ್ಯೂಸಿಯಂ.

ಗೊಯೊ? ಅವನೂ ಒಳ್ಳೆಯ ಆಟಗಾರನೇ. ಹದಿಹರೆಯ ದಾಟುವ ಹೊತ್ತಿಗೆ ಮೊಣಕಾಲಿಗೆ ಪೆಟ್ಟು ಬಿತ್ತು. ದೊಡ್ಡ ಮಟ್ಟದ ಆಟದ ಆಸೆ ಅಲ್ಲಿಗೆ ಮುಗಿಯಿತು. ಡಿಯೇಗೊ ಬಾರ್ಸಿಲೋನಾ, ನೇಪಲ್ಸ್ ಎಂದು ಹೋದ, ಗೊಯೊ ಫಿಯೊರಿತೊದಲ್ಲೇ ಉಳಿದ. ಒಂದೇ ಮಡಿಯಲ್ಲಿ ಎದ್ದ ಎರಡು ನೇಜಿ.

ನಾವು ಈ ಲೇಖನ ಬರೆಯುವುದಕ್ಕೆ ಕಾರಣ ಗೊಯೊ. ಆದರೆ ಮೊದಲು ಲೆಕ್ಕ ಮುಗಿಸೋಣ.

1981ರಲ್ಲಿ ಮರಡೋನಾ ಬೋಕಾ ಪಾಲಾದ. ಬೋಕಾ ಹಣದ ಜೊತೆ ಕೆಲವು ಆಟಗಾರರನ್ನೂ ಬದಲಿಗೆ ಕೊಟ್ಟಿತು. ಸಣ್ಣ ಕ್ಲಬ್ಬಿಗೆ ಒಮ್ಮೆ ಸರಿಯಾದ ಬೆಲೆ ಸಿಕ್ಕಿದರೆ ಏನಾಗುತ್ತದೆ ಎಂಬುದಕ್ಕೆ ಮುಂದಿನ ನಾಲ್ಕು ವರ್ಷವೇ ಸಾಕ್ಷಿ. 1984ರಲ್ಲಿ ದೇಶದ ಲೀಗ್ ಗೆದ್ದರು. 1985ರಲ್ಲಿ ಇನ್ನೊಂದು ರಾಷ್ಟ್ರೀಯ ಟೂರ್ನಿ. ಅದೇ ವರ್ಷ ದಕ್ಷಿಣ ಅಮೆರಿಕದ ಅತಿ ದೊಡ್ಡ ಕಪ್ ಲಿಬೆರ್ತದೋರೆಸ್. ಫೈನಲಿನಲ್ಲಿ ಕೊಲಂಬಿಯಾದ ಅಮೆರಿಕ ದೆ ಕಾಲಿ ತಂಡದೆದುರು ಇಲ್ಲೊಂದು ಗೆಲುವು, ಅಲ್ಲೊಂದು ಸೋಲು, ಕೊನೆಗೆ ಪರಾಗ್ವೆಯ ಅಸುನ್ಸಿಯೋನಿನಲ್ಲಿ ಮೂರನೇ ಪಂದ್ಯ, ಅದೂ ಸಮ, ಪೆನಾಲ್ಟಿಯಲ್ಲಿ ಗೆಲುವು. ಡಿಸೆಂಬರಿನಲ್ಲಿ ಟೋಕಿಯೋದಲ್ಲಿ ಪ್ಲಾಟಿನಿ, ಲೌಡ್ರಪ್ ಇದ್ದ ಇಟಲಿಯ ಯುವೆಂಟಸಿಗೆ ಬೆವರಿಳಿಸಿ 2-2 ಮಾಡಿದರು, ಪೆನಾಲ್ಟಿಯಲ್ಲಿ ಸೋತರು. ಒಂದು ಕೇರಿಯ ಕ್ಲಬ್ ಲೋಕದ ಕಪ್ಪಿಗೆ ಒಂದು ಬೆರಳಷ್ಟೇ ದೂರದಲ್ಲಿತ್ತು. ಆ ತಂಡದ ಬೊರ್ಗಿ, ಬತಿಸ್ತಾ ಮರುವರ್ಷ ಮೆಕ್ಸಿಕೋದಲ್ಲಿ ಮರಡೋನಾನ ಜೊತೆ ವಿಶ್ವಕಪ್ ತಂಡದಲ್ಲಿದ್ದರು.

ಆಮೇಲೆ ಎಂತಾಯಿತು? ನೇಜಿ ಏಳುತ್ತಲೇ ಇತ್ತು, ಕೀಳುವವರೂ ಬರುತ್ತಲೇ ಇದ್ದರು. ಹತ್ತು ವರ್ಷದ ಹುಡುಗನಾಗಿ ಬಂದ ಫೆರ್ನಾಂಡೊ ರೆಡೊಂಡೊ 1990ರಲ್ಲಿ ಸ್ಪೇನಿಗೆ ಹೋದ, ಮುಂದೆ ರಿಯಲ್ ಮ್ಯಾಡ್ರಿಡಿನ ಬೆನ್ನೆಲುಬಾದ. ಸೊರಿನ್ ಹೋದ. ಕಂಬಿಯಾಸೊ ಮೀಸೆ ಚಿಗುರುವ ಮೊದಲೇ ಮ್ಯಾಡ್ರಿಡಿಗೆ ಹೋದ. 1996ರಲ್ಲಿ ಹದಿನೆಂಟರ ರಿಕೆಲ್ಮೆ, ಇಲ್ಲಿನ ದೊಡ್ಡವರ ತಂಡಕ್ಕೆ ಒಂದೇ ಒಂದು ಪಂದ್ಯ ಆಡುವ ಮೊದಲೇ, ಬೇರೆ ಕೆಲವು ಹುಡುಗರ ಜೊತೆ ಬೋಕಾಗೆ ಮಾರಾಟವಾದ. ಅದೇ 1996ರಲ್ಲಿ ಕ್ಲಬ್ ಎರಡನೇ ದರ್ಜೆಗೆ ಬಿತ್ತು. 2002ರಲ್ಲಿ ಮತ್ತೆ. 2014ರಲ್ಲಿ ಮತ್ತೆ. 2016ರಲ್ಲಿ ಮತ್ತೊಮ್ಮೆ. ನಡುವೆ 2010ರಲ್ಲಿ ಬೊರ್ಗಿ ಕೋಚ್ ಆಗಿ ಬಂದಾಗ ಒಮ್ಮೆ ಲೀಗ್ ಗೆದ್ದದ್ದುಂಟು. ಇಡೀ ಲೋಕಕ್ಕೆ ಮಿಡ್‌ಫೀಲ್ಡರುಗಳನ್ನು ಸಪ್ಲೈ ಮಾಡಿದ ಕ್ಲಬ್ಬಿಗೆ ತನ್ನದೇ ದೇಶದ ಮೊದಲ ದರ್ಜೆಯಲ್ಲಿ ಉಳಿಯಲು ಹನ್ನೊಂದು ಜನ ಸಾಕಾಗದ ಸ್ಥಿತಿ.

ಒಂದು ಒಳ್ಳೆಯ ಸಂಗತಿಯೂ ಹೇಳಬೇಕು. 2014ರಲ್ಲಿ ಕ್ಲಬ್ ಎರಡನೇ ದರ್ಜೆಯಲ್ಲಿದ್ದಾಗ ಮೂವತ್ತಾರು ವರ್ಷದ ರಿಕೆಲ್ಮೆ ವಾಪಸ್ ಬಂದ. ತನ್ನನ್ನು ಬೆಳೆಸಿದ ಕ್ಲಬ್ಬಿಗೆ ಆಗ ಮೊದಲ ಬಾರಿ ದೊಡ್ಡವರ ತಂಡದ ಅಂಗಿ ಹಾಕಿ ಆಡಿದ, ಮೇಲಿನ ದರ್ಜೆಗೆ ಏರಿಸಿದ, ಮುಂದಿನ ತಿಂಗಳು ನಿವೃತ್ತನಾದ. ಋಣ ತೀರಿಸುವುದು ಅಂದರೆ ಇದು. ಆದರೆ ಒಬ್ಬ ರಿಕೆಲ್ಮೆಯ ಮನಸ್ಸಿನ ಮೇಲೆ ಒಂದು ಕ್ಲಬ್ಬಿನ ಬದುಕು ನಿಲ್ಲಬಾರದಲ್ಲ? ಅದಕ್ಕೇ ಕಾನೂನು ಬೇಕು.

ಕಾನೂನು ಇಲ್ಲ ಎಂದಲ್ಲ. 2001ರಿಂದ ಫಿಫಾ ಒಂದು ನಿಯಮ ತಂದಿದೆ. ಒಬ್ಬ ಆಟಗಾರ ಒಂದು ದೇಶದಿಂದ ಇನ್ನೊಂದು ದೇಶದ ಕ್ಲಬ್ಬಿಗೆ ಹಣಕ್ಕೆ ಹೋದರೆ, ಆ ಹಣದ ಶೇ. 5 ಅವನನ್ನು 12ರಿಂದ 23 ವರ್ಷದವರೆಗೆ ಬೆಳೆಸಿದ ಕ್ಲಬ್ಬುಗಳಿಗೆ ಹಂಚಿಹೋಗಬೇಕು. ಮೊದಲ ನಾಲ್ಕು ವರ್ಷಕ್ಕೆ ವರ್ಷಕ್ಕೆ ಶೇ. 0.25, ಆಮೇಲಿನ ಎಂಟು ವರ್ಷಕ್ಕೆ ವರ್ಷಕ್ಕೆ ಶೇ. 0.5. ನಮ್ಮ ಅಂಗಡಿ ಲೆಕ್ಕದಲ್ಲಿ ನೋಡಿ: ಒಬ್ಬ ಹುಡುಗನನ್ನು 12ನೇ ವಯಸ್ಸಿನಿಂದ 18ರ ತನಕ ಏಳು ಸೀಸನ್ ಬೆಳೆಸಿದ ಕ್ಲಬ್ಬಿಗೆ, ಅವನು ಮುಂದೆ 100 ಕೋಟಿಗೆ ಮಾರಾಟವಾದರೆ ಸಿಗುವುದು ಎರಡೂವರೆ ಕೋಟಿ. ಹನ್ನೆರಡರ ಮೊದಲು ಕಲಿಸಿದ್ದಕ್ಕೆ ಸೊನ್ನೆ. ಅಂದರೆ ಎಂಟು ವರ್ಷದ ಡಿಯೇಗೊವಿನ ಮೇಲೆ ಕೊರ್ನೆಹೊ ಹಾಕಿದ ಶ್ರಮಕ್ಕೆ ಈ ನಿಯಮದಲ್ಲಿ ಜಾಗವೇ ಇಲ್ಲ. ವರ್ಗಾವಣೆ ಹಣವೇ ಇಲ್ಲದಿದ್ದರೂ ಸೊನ್ನೆ. ಮೆಸ್ಸಿ 2021ರಲ್ಲಿ ಪ್ಯಾರಿಸಿಗೆ ಹೋದದ್ದು, 2023ರಲ್ಲಿ ಮಯಾಮಿಗೆ ಹೋದದ್ದು ಎರಡೂ ಒಪ್ಪಂದ ಮುಗಿಸಿ. ಸೊನ್ನೆಯ ಶೇ. 5 ಸೊನ್ನೆಯೇ. ರೊಸಾರಿಯೊದಲ್ಲಿ ಅವನಿಗೆ ಚೆಂಡು ಕೊಟ್ಟ ನ್ಯೂವೆಲ್ಸ್ ಕ್ಲಬ್ಬಿಗೆ ಈ ದಾರಿಯಲ್ಲಿ ಬಂದದ್ದು ಏನೂ ಇಲ್ಲ.

ಇದ್ದ ಹಣವಾದರೂ ಸರಿಯಾಗಿ ತಲುಪುತ್ತದಾ? ತಲುಪುತ್ತಿದ್ದರೆ ಫಿಫಾ 2022ರಲ್ಲಿ ಪ್ಯಾರಿಸಿನಲ್ಲಿ ಇದಕ್ಕಾಗಿಯೇ 'ಕ್ಲಿಯರಿಂಗ್ ಹೌಸ್' ಎಂಬ ಬೇರೆ ಸಂಸ್ಥೆ ತೆರೆಯುವ ಅಗತ್ಯ ಇರಲಿಲ್ಲ. ಸಣ್ಣ ಕ್ಲಬ್ಬಿನವರು ಯೂರೋಪಿನ ದೊಡ್ಡ ಕ್ಲಬ್ಬಿನ ಹಿಂದೆ ಕಾಗದ ಹಿಡಿದು ವರ್ಷಗಟ್ಟಲೆ ಓಡಬೇಕಾಗುತ್ತಿತ್ತು. ಇದು ಗಲ್ಫಿನಲ್ಲಿ ಬಾಕಿ ಸಂಬಳಕ್ಕೆ ಅಲೆದವರಿಗೆ ಹೊಸ ಕಥೆಯಲ್ಲ.

ದೊಡ್ಡ ಲಾಭ ಇರುವುದು ನಡುವಿನ ಗದ್ದೆಯಲ್ಲಿ. ಮ್ಯಾಕ್ ಅಲಿಸ್ಟರನ್ನು 2019ರಲ್ಲಿ ಅರ್ಜೆಂಟಿನೋಸಿನಿಂದ ಕೊಂಡದ್ದು ಇಂಗ್ಲೆಂಡಿನ ಬ್ರೈಟನ್. ವಿಶ್ವಕಪ್ ಗೆದ್ದ ಮೇಲೆ 2023ರಲ್ಲಿ ಲಿವರ್‌ಪೂಲಿಗೆ ಕೊಟ್ಟಾಗ ಸುಮಾರು 35 ಮಿಲಿಯನ್ ಪೌಂಡ್ ಎಂದು ವರದಿಯಾಯಿತು. ಅದೇ ಬೇಸಿಗೆಯಲ್ಲಿ ಬ್ರೈಟನ್ ಎಕ್ವಡೋರಿನ ಮೊಯ್ಸೆಸ್ ಕೈಸೆಡೊನನ್ನು ಚೆಲ್ಸಿಗೆ 100 ಮಿಲಿಯನ್ ಪೌಂಡಿಗೆ, ಷರತ್ತು ಈಡೇರಿದರೆ 115ರವರೆಗೆ, ಮಾರಿತು. ಎರಡೂವರೆ ವರ್ಷ ಮೊದಲು ಅವನನ್ನು ಕೊಂಡದ್ದು ನಾಲ್ಕೈದು ಮಿಲಿಯನಿಗೆ ಎಂದು ಪತ್ರಿಕೆಗಳು ಬರೆದಿದ್ದವು. ಬ್ರೈಟನ್ ಕಳ್ಳತನ ಮಾಡಲಿಲ್ಲ, ಕಣ್ಣಿಟ್ಟು ನೋಡಿತು, ಕೊಂಡಿತು. ಅದರಲ್ಲಿ ತಪ್ಪು ಹೇಳುವ ಹಾಗಿಲ್ಲ. ಆದರೆ ಹತ್ತು ವರ್ಷ ನೀರು ಹಾಯಿಸಿದವನಿಗೂ ಎರಡು ವರ್ಷ ಇಟ್ಟುಕೊಂಡವನಿಗೂ ಇಷ್ಟು ಅಂತರ ಇರಬೇಕಾ?

ಇಲ್ಲಿಗೆ ನಿಲ್ಲಿಸಿದರೆ ಇದು ಕ್ಲಬ್ಬುಗಳ ವ್ಯಾಪಾರದ ಜಗಳ ಆಗುತ್ತದೆ. ಸಣ್ಣ ವ್ಯಾಪಾರಿಗೆ ಅನ್ಯಾಯ, ದೊಡ್ಡ ವ್ಯಾಪಾರಿಗೆ ಲಾಭ, ಅಷ್ಟೇ. ಆದರೆ ಅಂಗಡಿಯಲ್ಲಿ ಇರುವುದು ಅಕ್ಕಿ ಅಲ್ಲ, ಮಕ್ಕಳು. ಒಂದು ಕಾಲದಲ್ಲಿ ಹದಿಹರೆಯದ ಆಟಗಾರನ 'ಹಕ್ಕಿನ' ಶೇ. 20, ಶೇ. 40 ಎಂದು ಹೊರಗಿನ ಬಂಡವಾಳಗಾರರು ಕೊಂಡುಕೊಳ್ಳುತ್ತಿದ್ದರು. ಬ್ರೆಜಿಲಿನ ಸಾಂಟೋಸಿನಲ್ಲಿ ಬೆಳೆದ ನೇಮರನ ಹಕ್ಕಿನ ಶೇ. 40 ಒಂದು ಹೂಡಿಕೆ ಕಂಪೆನಿಯದ್ದಾಗಿತ್ತು. ಮನುಷ್ಯನ ಕಾಲಿನ ಮೇಲೆ ಷೇರು! 2015ರಲ್ಲಿ ಫಿಫಾ ಅದನ್ನು ನಿಷೇಧಿಸಿತು. 18 ದಾಟದ ಮಕ್ಕಳನ್ನು ಕೆಲವು ವಿನಾಯಿತಿ ಬಿಟ್ಟು ಬೇರೆ ದೇಶದ ಕ್ಲಬ್ಬಿಗೆ ಸಾಗಿಸುವ ಹಾಗಿಲ್ಲ ಎಂಬ ನಿಯಮವೂ ಉಂಟು. ಅದನ್ನು ಮುರಿದದ್ದಕ್ಕೆ 2014ರಲ್ಲಿ ಬಾರ್ಸಿಲೋನಾಕ್ಕೇ ಶಿಕ್ಷೆ ಆಯಿತು. ಒಳ್ಳೆಯದೇ ಆಯಿತು. ಆದರೂ ಈ ಎಲ್ಲ ನಿಯಮಗಳು ಮಾತಾಡುವುದು ಮಾರಾಟವಾದ ಮಗುವಿನ ಬಗ್ಗೆ. ಮಾರಾಟವಾಗದ ಗೊಯೊನ ಬಗ್ಗೆ ಒಂದು ಸಾಲೂ ಇಲ್ಲ.

ಇದಕ್ಕೆ ಉತ್ತರ ಹುಡುಕಿದವರು ಅದೇ ಲಾ ಪತೆರ್ನಾಲಿನಲ್ಲಿ ಒಬ್ಬರಿದ್ದರು. ಹೊಸೆ ಪೆಕರ್ಮನ್. ಅರ್ಜೆಂಟಿನೋಸಿಗೆ ಆಡಿದವರು. ಕೊಲಂಬಿಯಾದಲ್ಲಿ ಆಡುವಾಗ ಮೊಣಕಾಲಿನ ಪೆಟ್ಟು ಬಿದ್ದು ಇಪ್ಪತ್ತೆಂಟಕ್ಕೇ ಆಟ ಬಿಡಬೇಕಾಯಿತು. ಬ್ಯೂನಸ್ ಐರಿಸಿನಲ್ಲಿ ಟ್ಯಾಕ್ಸಿ ಓಡಿಸಿ ಸಂಸಾರ ಸಾಗಿಸಿದರು. ಅಂದರೆ ಗೊಯೊನ ನೋವು ಏನೆಂದು ಪುಸ್ತಕ ಓದಿ ಕಲಿಯಬೇಕಾಗಿರಲಿಲ್ಲ. ಎಂಬತ್ತರ ದಶಕದಲ್ಲಿ ಕ್ಲಬ್ಬಿನ ಮಕ್ಕಳ ವಿಭಾಗ ಅವರ ಕೈಗೆ ಬಂತು. 1994ರಲ್ಲಿ ದೇಶದ ಯುವ ತಂಡಗಳ ಹೊಣೆಯೂ ಬಂದಾಗ ಫುಟ್ಬಾಲ್ ಪಂಡಿತರು ಮೂಗು ಮುರಿದರು, ಯಾಕೆಂದರೆ ದೊಡ್ಡವರ ತಂಡಕ್ಕೆ ಕೋಚ್ ಆಗಿ ಹೆಸರು ಮಾಡಿದವರಲ್ಲ. ಅವರು ಕೇಳುತ್ತಿದ್ದದ್ದು ಹುಡುಗನ ನಡತೆ, ಓದು, ಚೆಂಡಿನ ಜೊತೆಗಿನ ಪ್ರೀತಿ. ಫಲ ಏನು? 1995ರಲ್ಲಿ ಕತಾರಿನಲ್ಲಿ, 1997ರಲ್ಲಿ ಮಲೇಶ್ಯದಲ್ಲಿ, 2001ರಲ್ಲಿ ತಮ್ಮ ದೇಶದಲ್ಲೇ, ಹೀಗೆ ಮೂರು ಸಲ 20ರೊಳಗಿನವರ ವಿಶ್ವಕಪ್. ಮಲೇಶ್ಯದ ಆ ತಂಡದಲ್ಲಿ ರಿಕೆಲ್ಮೆ, ಕಂಬಿಯಾಸೊ ಇದ್ದರು. ಜೊತೆಗೆ ಇನ್ನೂ ಮೂವರು: ಲಿಯೋನೆಲ್ ಸ್ಕಲೋನಿ, ಪಾಬ್ಲೊ ಐಮಾರ್, ವಾಲ್ಟರ್ ಸ್ಯಾಮುಯೆಲ್. ಲುಸೈಲಿನ ರಾತ್ರಿ ಅರ್ಜೆಂಟೀನಾದ ಕೋಚ್ ಸ್ಕಲೋನಿ, ಪಕ್ಕದಲ್ಲಿ ಸಹಾಯಕರಾಗಿ ಐಮಾರ್, ಸ್ಯಾಮುಯೆಲ್. ಮೂವರೂ ಪೆಕರ್ಮನ್ ಮಡಿಯ ನೇಜಿ. ಕತಾರಿನಲ್ಲೇ ಶುರುವಾದದ್ದು ಇಪ್ಪತ್ತೇಳು ವರ್ಷ ಆದ ಮೇಲೆ ಕತಾರಿನಲ್ಲೇ ತೆನೆ ಬಿಟ್ಟಿತು. ನಡತೆ ಕಲಿಸಿದರೆ ಕಪ್ ಸಿಗುವುದಿಲ್ಲ ಎನ್ನುವವರಿಗೆ ಇದಕ್ಕಿಂತ ಹೆಚ್ಚು ಏನು ಹೇಳಬೇಕು.

ಈಗ ಅರ್ಜೆಂಟೀನಾದಲ್ಲಿ ಇನ್ನೊಂದು ಜಗಳ ನಡೆದಿದೆ. ಅಲ್ಲಿನ ಫುಟ್ಬಾಲ್ ಕ್ಲಬ್ಬುಗಳಿಗೆ ಧಣಿ ಇಲ್ಲ. ಚಂದಾ ಕಟ್ಟುವ ಸದಸ್ಯರದ್ದೇ ಕ್ಲಬ್, ಅವರೇ ಓಟು ಹಾಕಿ ಅಧ್ಯಕ್ಷನನ್ನು ಆರಿಸುತ್ತಾರೆ. ನಮ್ಮ ಜಮಾಅತ್ ಕಮಿಟಿಯ ಹಾಗೆ, ಜಗಳವೂ ಅಷ್ಟೇ ಜೋರು. ಅಧ್ಯಕ್ಷ ಹಾವಿಯೆರ್ ಮಿಲೇ 2023ರ ಡಿಸೆಂಬರಿನಲ್ಲಿ ಅಧಿಕಾರಕ್ಕೆ ಬಂದ ಕೂಡಲೇ ಹೊರಡಿಸಿದ ಆದೇಶದಲ್ಲಿ ಕ್ಲಬ್ಬುಗಳು ಕಂಪೆನಿ ಆಗಬಹುದು, ಬಂಡವಾಳಗಾರರು ಕೊಳ್ಳಬಹುದು ಎಂದು ಬಾಗಿಲು ತೆರೆದರು. ಫುಟ್ಬಾಲ್ ಸಂಸ್ಥೆ ಮತ್ತು ಹೆಚ್ಚಿನ ಕ್ಲಬ್ಬುಗಳು ವಿರೋಧಿಸಿದವು. ನಮ್ಮ ಮನಸ್ಸು ಸದಸ್ಯರ ಕಡೆಗೇ. ಕೇರಿಯ ಕ್ಲಬ್ ಬರೀ ಫುಟ್ಬಾಲ್ ಅಲ್ಲ, ಮಕ್ಕಳಿಗೆ ಸಂಜೆ ಹೋಗಲು ಒಂದು ಜಾಗ. ಲಾಭ ಬಾರದ ವರ್ಷ ಕಂಪೆನಿ ಬೀಗ ಹಾಕಬಹುದು, ಕೇರಿ ಬೀಗ ಹಾಕುವುದಿಲ್ಲ.

ಆದರೆ ಮಾಲೀಕ ಯಾರು ಎಂಬುದರಲ್ಲೇ ಎಲ್ಲ ಉತ್ತರ ಉಂಟು ಎಂದು ನಾವು ಹೇಳುವುದಿಲ್ಲ. ಎರಡು ಉದಾಹರಣೆ ನೋಡಿ.

ಎಕ್ವಡೋರಿನ ರಾಜಧಾನಿ ಕೀಟೊ ಪಕ್ಕ ಸಂಗೊಲ್ಕಿ ಎಂಬ ಊರು. ಅಲ್ಲಿನ ಇಂಡಿಪೆಂಡಿಯೆಂತೆ ದೆಲ್ ವಾಯೆ ಕ್ಲಬ್ 2007ರಿಂದ ಉದ್ಯಮಿಗಳ ಕೈಯಲ್ಲಿದೆ. ಹುಡುಗರನ್ನು ಬೆಳೆಸಿ ಮಾರುವುದೇ ಅವರ ದಾರಿ, ಮುಚ್ಚುಮರೆ ಇಲ್ಲ. ಆದರೆ ತರಬೇತಿಯ ಆವರಣದಲ್ಲೇ ಶಾಲೆ ನಡೆಸುತ್ತಾರೆ, ಓದು ಬಿಟ್ಟು ಆಟ ಇಲ್ಲ. ಕೈಸೆಡೊ, ಪಿಯೆರೊ ಹಿಂಕಾಪಿಯೆ, 2025ರಲ್ಲಿ ಪ್ಯಾರಿಸ್ ತಂಡದ ಜೊತೆ ಚಾಂಪಿಯನ್ಸ್ ಲೀಗ್ ಗೆದ್ದ ವಿಲಿಯನ್ ಪಾಚೊ, ಎಲ್ಲ ಅಲ್ಲಿಯವರೇ. ಬಡತನ ಹೆಚ್ಚಿರುವ, ಕಪ್ಪು ಜನರ ಎಸ್ಮೆರಾಲ್ದಾಸ್ ಪ್ರಾಂತ್ಯದ ಮಕ್ಕಳೂ ಇದ್ದಾರೆ. ಕ್ಲಬ್ 2019ರಲ್ಲಿ, 2022ರಲ್ಲಿ ಸುದ್ಅಮೆರಿಕಾನಾ ಕಪ್ ಗೆದ್ದಿತು. 2016ರಲ್ಲಿ ಎಕ್ವಡೋರಿನಲ್ಲಿ ಭೂಕಂಪ ಆದಾಗ ಲಿಬೆರ್ತದೋರೆಸ್ ಪಂದ್ಯಗಳ ಟಿಕೆಟ್ ಹಣವನ್ನು ಸಂತ್ರಸ್ತರಿಗೆ ಕೊಟ್ಟ ಕ್ಲಬ್ ಅದು, ಆ ವರ್ಷ ಫೈನಲ್ ತನಕ ಹೋಯಿತು. ಧಣಿಗಳ ಕ್ಲಬ್ಬೇ, ಆದರೂ ಹೀಗೆ.

ಇನ್ನೊಂದು ಕಡೆ ರಿಯೊದ ಫ್ಲಮೆಂಗೊ. ಸದಸ್ಯರ ಕ್ಲಬ್, ಬ್ರೆಜಿಲಿನಲ್ಲೇ ಅತಿ ಹೆಚ್ಚು ಅಭಿಮಾನಿಗಳು. 2018ರಲ್ಲಿ ಇಲ್ಲಿನ ವಿನಿಸಿಯಸ್ ಜೂನಿಯರ್ 45 ಮಿಲಿಯನ್ ಯೂರೋಗೆ ರಿಯಲ್ ಮ್ಯಾಡ್ರಿಡಿಗೆ ಹೋದ. 2019ರ ಜನವರಿಯಲ್ಲಿ ಪಕೆಟಾ ಮಿಲಾನಿಗೆ ಹೋದ. ಹಣಕ್ಕೆ ಬರ ಇರಲಿಲ್ಲ. 2019ರ ಫೆಬ್ರವರಿ 8ರ ಬೆಳಗ್ಗಿನ ಜಾವ ಅದೇ ಕ್ಲಬ್ಬಿನ ತರಬೇತಿ ಕೇಂದ್ರದಲ್ಲಿ ಮಕ್ಕಳು ಮಲಗಿದ್ದ ಜಾಗಕ್ಕೆ ಬೆಂಕಿ ಬಿತ್ತು. ಅವರನ್ನು ಮಲಗಿಸಿದ್ದದ್ದು ಕಂಟೈನರುಗಳಲ್ಲಿ. ಏಸಿಯಿಂದ ಬೆಂಕಿ ಹತ್ತಿತು. ನಗರಸಭೆಯ ದಾಖಲೆಯಲ್ಲಿ ಆ ಜಾಗ ವಾಹನ ನಿಲ್ಲಿಸುವ ಸ್ಥಳ, ಮಲಗುವ ಕೋಣೆಗೆ ಪರವಾನಿಗೆಯೇ ಇರಲಿಲ್ಲ. ಮೊದಲೇ ಎಷ್ಟೋ ಸಲ ದಂಡ ಬಿದ್ದಿತ್ತು. ಹತ್ತು ಮಕ್ಕಳು ತೀರಿಹೋದರು. 14, 15, 16 ವರ್ಷದವರು. ಮಗ ಆಟಗಾರನಾಗುತ್ತಾನೆ ಎಂದು ದೂರದ ಊರುಗಳಿಂದ ಕಳಿಸಿಕೊಟ್ಟ ಉಮ್ಮಂದಿರಿಗೆ ಟೀವಿಯಲ್ಲಿ ಸುದ್ದಿ. ಅದೇ ವರ್ಷ ಫ್ಲಮೆಂಗೊ ಬ್ರೆಜಿಲ್ ಲೀಗ್ ಗೆದ್ದಿತು, ಲಿಬೆರ್ತದೋರೆಸ್ ಕೂಡ ಗೆದ್ದಿತು.

ಈ ಎರಡನ್ನೂ ಪಕ್ಕಪಕ್ಕ ಇಟ್ಟರೆ ನಮಗೆ ಕಾಣುವುದು ಇಷ್ಟು. ಮಕ್ಕಳನ್ನು ಬೆಳೆಸುವ ಕ್ಲಬ್ಬನ್ನು ಅಳೆಯಬೇಕಾದದ್ದು ಕಪಾಟಿನಲ್ಲಿರುವ ಕಪ್ಪಿನಿಂದ ಅಲ್ಲ, ಯೂರೋಪಿಗೆ ಕಳಿಸಿದ ತಲೆಗಳ ಲೆಕ್ಕದಿಂದಲೂ ಅಲ್ಲ. ಮಕ್ಕಳು ಎಲ್ಲಿ ಮಲಗುತ್ತಾರೆ, ಏನು ಓದುತ್ತಾರೆ, ಹದಿನೇಳರಲ್ಲಿ 'ನೀನು ನಾಳೆಯಿಂದ ಬರುವುದು ಬೇಡ' ಎಂದು ಹೇಳಿದ ಮೇಲೆ ಅವನ ಕೈಯಲ್ಲಿ ಏನಿರುತ್ತದೆ, ಇದರಿಂದ. ಯಾವ ಕ್ಲಬ್ಬಿನ ಮಕ್ಕಳ ವಿಭಾಗದಲ್ಲೂ ಮೇಲೆ ಹೋಗುವವರು ಕೆಲವೇ ಜನ. ಉಳಿದವರೆಲ್ಲ ಗೊಯೊಗಳೇ. ಅವರಿಲ್ಲದೆ ಡಿಯೇಗೊನ ಎದುರು ಆಡುವವರು ಯಾರು? ಹನ್ನೊಂದು ಜನರ ಆಟವನ್ನು ಒಬ್ಬನೇ ಕಲಿಯಲು ಆಗುವುದಿಲ್ಲವಲ್ಲ. ಮಾರಾಟವಾದ ಒಬ್ಬನ ಬೆಲೆಯಲ್ಲಿ ಅವನ ಜೊತೆ ಬೆವರಿಳಿಸಿದ ಇಪ್ಪತ್ತು ಮಕ್ಕಳ ಪಾಲೂ ಇದೆ.

ನಮ್ಮ ಕರಾವಳಿಯಲ್ಲೂ ಈಗ ಟರ್ಫ್ ಇಲ್ಲದ ಊರಿಲ್ಲ. ಸಂಜೆ ಕೋಚಿಂಗ್ ಕ್ಯಾಂಪುಗಳೂ ಬಂದಿವೆ, ಬರಲಿ, ಮೊಬೈಲ್ ಬಿಟ್ಟು ಮಕ್ಕಳು ಓಡಲಿ. ಬೆನ್ನ ಮೇಲೆ 10ನೇ ನಂಬರ್ ಹಾಕಿಸಿ ಫೀಸು ಕಟ್ಟುವ ಬಾಪಂದಿರು ಕೋಚಿನ ಹತ್ತಿರ 'ಇವ ಯಾವಾಗ ಸೆಲೆಕ್ಟ್ ಆಗ್ತಾನೆ ಕಾಕಾ' ಎಂದು ಕೇಳುವ ಜೊತೆಗೆ, ಪೆಟ್ಟು ಬಿದ್ದರೆ ಡಾಕ್ಟರ್ ಯಾರು, ಪರೀಕ್ಷೆ ಸಮಯದಲ್ಲಿ ರಜೆ ಕೊಡ್ತೀರಾ, ಹೊರ ಊರಿಗೆ ಟೂರ್ನಮೆಂಟಿಗೆ ಕರಕೊಂಡು ಹೋದರೆ ಮಕ್ಕಳು ಎಲ್ಲಿ ಮಲಗ್ತಾರೆ ಎಂದೂ ಕೇಳಬೇಕು. ಉತ್ತರ ಕೊಡಲು ಬೇಜಾರು ಪಡುವ ಕೋಚಿನ ಹತ್ತಿರ ಮಗುವನ್ನು ಬಿಡಬಾರದು.

ಫಿಫಾದವರು ಕೇಳುತ್ತಾರೋ ಬಿಡುತ್ತಾರೋ, ಬೇಡಿಕೆ ಇಡಲು ಖರ್ಚಿಲ್ಲ. ಶೇ. 5ನ್ನು ಕನಿಷ್ಠ ಹತ್ತಕ್ಕೆ ಏರಿಸಬೇಕು. ಲೆಕ್ಕ ಹನ್ನೆರಡರಿಂದ ಅಲ್ಲ, ಎಂಟರಿಂದ ಶುರುವಾಗಬೇಕು. ಏರಿಸಿದ ಭಾಗದ ಅರ್ಧ ಹಣ ಕ್ಲಬ್ಬಿನ ಸಾಲ ತೀರಿಸಲು ಹೋಗದೆ, ಅದೇ ಕ್ಲಬ್ಬಿನಿಂದ ಹೊರಬಿದ್ದ ಮಕ್ಕಳ ಓದಿಗೆ, ಕೆಲಸ ಕಲಿಯಲಿಕ್ಕೆ, ಮೊಣಕಾಲಿನ ಆಪರೇಷನ್ನಿಗೆ ಮೀಸಲಾಗಬೇಕು. ಮಕ್ಕಳ ಹಾಸ್ಟೆಲಿಗೆ ಅಗ್ನಿಶಾಮಕದವರ ಕಾಗದ ಇಲ್ಲದ ಕ್ಲಬ್ಬಿಗೆ ಆಟಗಾರರನ್ನು ಮಾರುವ ಅವಕಾಶವೇ ಇರಬಾರದು, ಪಂದ್ಯಕ್ಕೆ ಇಳಿಯುವ ಮೊದಲು ಬೂಟು ಪರೀಕ್ಷೆ ಮಾಡುವ ರೆಫ್ರಿ ಇರುವ ಆಟದಲ್ಲಿ ಇದೇನೂ ದೊಡ್ಡ ಕೆಲಸವಲ್ಲ. 45 ಮಿಲಿಯನ್ ಯೂರೋ ಎಣಿಸಲು ಗೊತ್ತಿರುವವರಿಗೆ ಹತ್ತು ಮಂಚ ಎಣಿಸಲು ಬರುತ್ತದೆ.